ಏಕಾದಶಿಯ ದಿನ ಅಮಾಯಿ ಬಂದಳು

ವಡಪಳನಿ, ಚೆನ್ನೈ
೧೬ ಮಾರ್ಚ್ ೨೦೨೫, ಭಾನುವಾರ

ಮೌನಾ,

ಅಮಾಯಿ ಬಂದು ಹೋದಳೆಂದು ಫೋನಿನಲ್ಲಿ ಹೇಳಿದಾಗ ನೀನು 'ಊಟಕ್ಕೆ ಏನು ಮಾಡಿದ್ದೆ' ಎಂದು ಕೇಳಿದೆಯೋ, 'ಊಟ ಮಾಡಿದಳಾ' ಎಂದು ಕೇಳಿದೆಯೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಎರಡೂ ಒಂದೇ ಪ್ರಶ್ನೆಯಲ್ಲ. 'ಹೂಂ, ಚೆನ್ನಾಗಿ ಮಾಡಿದಳು' ಎಂದು ನಾನು ಹೇಳಿದ್ದು ಮಾತ್ರ ನೆನಪಿದೆ. ನೀನು ಆಸ್ಪತ್ರೆಯ ವಾರ್ಡಿನಿಂದ ಯಾರೋ ಕರೆಯುತ್ತಿದ್ದಾರೆ ಎಂದು ಫೋನಿಟ್ಟೆ. ಯಾರೂ ಕರೆದಿರಲಿಲ್ಲ ಎಂದು ನನಗೆ ಗೊತ್ತು. ನಿನ್ನ ಸುಳ್ಳು ನಿನ್ನ ಅಮ್ಮನ ಸುಳ್ಳಿನ ಹಾಗೆ, ಹೊರಡುವ ಮೊದಲೇ ಸೋತಿರುತ್ತದೆ.

ಆಮೇಲೆ ಐದು ವಾರ ಕಳೆದವು. ಬರೆಯಲು ತಡವಾದುದಕ್ಕೆ ಕ್ಷಮಿಸು. ಕೆಲಸವಿತ್ತು ಎನ್ನಬಹುದು, ಇತ್ತು ಕೂಡ. 'ಫೋನಿನಲ್ಲಿ ನೀನು ಪಾದ್ರಿ ಆಗಿಬಿಡ್ತೀಯ ಅಪ್ಪಾ, ಬರೆಯುವಾಗ ಮಾತ್ರ ಮನುಷ್ಯನ ಥರ ಇರ್ತೀಯ' ಎಂದು ನೀನು ಒಮ್ಮೆ ನಗುತ್ತ ಹೇಳಿದ್ದೆ. ಅದಕ್ಕೇ ಕಾಗದ.

ಇಲ್ಲಿ ಸೆಕೆ ಶುರುವಾಗಿದೆ. ಬೆಳಿಗ್ಗೆ ಏಳೂವರೆಗೆ ಹೊರಟರೂ ಪೆರುಂಗುಡಿ ತಲುಪುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಆಫೀಸಿನಲ್ಲಿ ಅದೇ ಕೆಲಸ. ಯಂತ್ರ ಹೇಳುವ ಕನ್ನಡವನ್ನು ಕೇಳಿ, ಇದು ಮನುಷ್ಯರು ಆಡುವ ಮಾತೋ ಅಲ್ಲವೋ ಎಂದು ಗುರುತು ಹಾಕುವುದು. 'ನಿಮ್ಮ ಕರೆ ನಮಗೆ ಬಹಳ ಮುಖ್ಯ' ಎಂಬ ವಾಕ್ಯವನ್ನು ಕಳೆದ ವಾರ ನಲವತ್ತು ಸಲ ಕೇಳಿದೆ. ನಲವತ್ತರಲ್ಲಿ ಯಾವುದನ್ನೂ ನಂಬಲಿಲ್ಲ. ಹನ್ನೊಂದು ವರ್ಷ ಪಾದ್ರಿಯಾಗಿ ನಾನು ಚರ್ಚಿನಲ್ಲಿ ಮಾಡಿದ ಪ್ರಸಂಗಗಳನ್ನೂ ಯಾರಾದರೂ ಹೀಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಗುರುತು ಹಾಕಬೇಕಿತ್ತು.

ಈ ಮನೆಯ ವಿಷಯ ನಿನಗೆ ಪೂರ್ತಿ ಹೇಳಿಲ್ಲ. ನೀನು ಬರುತ್ತೇನೆಂದಾಗಲೆಲ್ಲ ನಾನೇ ಹುಬ್ಬಳ್ಳಿಗೆ ಬಂದೆ. ರಜೆ ಇದೆ, ನಿನ್ನ ಕೈ ಅಡುಗೆ ತಿನ್ನಬೇಕು ಎಂದೆಲ್ಲ ಹೇಳಿದೆ. ನಿನ್ನ ಕೊರಳಿನ ಶಿಲುಬೆ ಸಣ್ಣದು. ಆದರೂ ಕಾಣುತ್ತದೆ.

ಮೂರು ವರ್ಷದ ಹಿಂದೆ ಮನೆ ಹುಡುಕುತ್ತಿದ್ದಾಗ ಮುರುಗನ ಗುಡಿಯ ಹಿಂದಿನ ಬೀದಿಯಲ್ಲಿ ಈ ಮಹಡಿಯ ರೂಮು ಸಿಕ್ಕಿತು. ಗೇಟಿಗೆ 'ವೆಜಿಟೇರಿಯನ್ಸ್ ಓನ್ಲಿ' ಎಂಬ ಹಲಗೆ. ಯಜಮಾನತಿ ಜಯಲಕ್ಷ್ಮೀ ಅಮ್ಮ, ಎಪ್ಪತ್ತು ದಾಟಿದವರು, ಮಾಧ್ವರು. ನಾಲ್ಕು ತಲೆಮಾರಿನಿಂದ ಈ ಊರಿನಲ್ಲೇ ಇದ್ದಾರೆ, ಕನ್ನಡದ ನಡುವೆ ತಮಿಳು ಬೆರೆಸುತ್ತಾರೆ. ನಾನು ಕನ್ನಡದಲ್ಲಿ ಮಾತಾಡಿದ್ದೇ ಅವರ ಮುಖ ಅರಳಿತು.

"ಹೆಸರೇನಪ್ಪಾ?"

"ಪದ್ಮನಾಭ."

"ಅಡಡಾ, ಎಂಥಾ ಹೆಸರು! ಯಾವ ಊರು?"

"ಕೊಳ್ಳೇಗಾಲದ ಕಡೆ."

"ಅಲ್ಲಿ ನಮ್ಮೋರು ಎಷ್ಟೋ ಜನ ಇದಾರೆ. ನೀವು ಮಾಧ್ವರೋ, ಸ್ಮಾರ್ತರೋ?"

ನಾನು ನಕ್ಕೆ. ಅವರು ಅದನ್ನೇ ಉತ್ತರವೆಂದು ತೆಗೆದುಕೊಂಡರು. "ಸರಿ ಬಿಡು, ಈ ಕಾಲದ ಹುಡುಗರಿಗೆ ಅದೆಲ್ಲ ಹೇಳೋಕೆ ನಾಚಿಕೆ" ಎಂದು ಬೀಗದ ಕೈ ಕೊಟ್ಟರು. ಆಗ ನನಗೆ ಐವತ್ತೊಂದು.

ನನ್ನ ಹೆಸರಿನ ಕಥೆ ನಿನಗೆ ಗೊತ್ತು. ಮಿಷನ್ ಶಾಲೆಯಲ್ಲಿ ಅಡುಗೆಯವನಾಗಿದ್ದ ನಿನ್ನ ತಾತ, ತನ್ನನ್ನು ಗೌರವದಿಂದ ಮಾತಾಡಿಸಿದ ಹೆಡ್‌ಮಾಸ್ತರರ ಹೆಸರನ್ನು ಮಗನಿಗೆ ಇಟ್ಟ. ಪೌಲ್ ಎಂಬುದು ಚರ್ಚಿನ ದಫ್ತರದಲ್ಲಿ ಉಳಿಯಿತು. ನಾನು ಸುಳ್ಳು ಹೇಳಿರಲಿಲ್ಲ, ಅರ್ಧ ಹೆಸರು ಹೇಳಿದ್ದೆ. ಉಳಿದ ಅರ್ಧವನ್ನು ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಅವರು ಮಣೆ ಹಾಕಿ ಊಟಕ್ಕೆ ಕರೆದರು.

ಮೌನಾ, ನಿನ್ನ ಮುತ್ತಾತ ತನ್ನ ಊರಿನಲ್ಲಿ ಅಂಥ ಒಂದು ಮನೆಯ ಜಗುಲಿಯನ್ನೂ ಹತ್ತಿದವನಲ್ಲ. ನಾನು ಅವರ ಅಡುಗೆಮನೆಯ ಹೊಸಿಲಿನ ಪಕ್ಕ ಕೂತಿದ್ದೆ. ಎಲೆಗೆ ನೀರು ಚಿಮುಕಿಸಿ, ಬಡಿಸಿದ್ದನ್ನೆಲ್ಲ ತಲೆ ಎತ್ತದೆ ಉಂಡೆ. ಅವರು ನೋಡಿ, "ಪಾವಂ, ಎಷ್ಟು ದಿನ ಆಗಿತ್ತೋ ಮನೆ ಊಟ ಮಾಡಿ" ಎಂದು ಇನ್ನೊಂದು ಸೌಟು ಹುಳಿ ಬಡಿಸಿದರು. ಆ ಸೌಟು ನನ್ನ ಬಾಯಿ ಕಟ್ಟಿತು. ಅವರು ಸಿಟ್ಟಾಗುತ್ತಾರೆ, ಮನೆ ಬಿಡಿಸುತ್ತಾರೆ ಎಂಬುದು ದೊಡ್ಡ ಭಯವಾಗಿರಲಿಲ್ಲ. ಚೆನ್ನೈಯಲ್ಲಿ ರೂಮುಗಳು ಬೇಕಾದಷ್ಟಿವೆ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ "ಏನೋ ಪದ್ಮನಾಭ, ಕಾಫಿ ಕುಡಿದು ಹೋಗೋ" ಎಂದು ಕೂಗುವ ಆ ಧ್ವನಿ ನಿಂತುಹೋಗುತ್ತದೆ ಎಂಬುದು ಭಯ. ಆ 'ಹೋಗೋ' ಎಂಬುದರಲ್ಲಿ ನನ್ನನ್ನು ಮನೆಯವನನ್ನಾಗಿ ಮಾಡಿಕೊಂಡಿದ್ದರು.

ಹಾಗೆ ಏಕಾದಶಿಯೂ ಬಂತು. "ಇವತ್ತು ಉಪವಾಸ, ನೀನೂ ಮಾಡ್ತೀಯಲ್ಲ?" ಎಂದರು. ಹೂಂ ಎಂದೆ. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ತಪ್ಪದೆ ಉಪವಾಸ ಮಾಡುತ್ತೇನೆ. ಪಾದ್ರಿಯಾಗಿದ್ದಾಗ ಇಷ್ಟು ನಿಯಮದಿಂದ ಒಮ್ಮೆಯೂ ಮಾಡಿದವನಲ್ಲ. ಕದ್ದು ತಿನ್ನಬಹುದಲ್ಲ ಎನ್ನುತ್ತೀಯ. ನನ್ನ ಅಡುಗೆ ಕಟ್ಟೆಯ ಕಿಟಕಿ ಅವರ ಹಿತ್ತಲಿಗೆ ತೆರೆಯುತ್ತದೆ. ಮೇಲೆ ಕುಕ್ಕರ್ ಕೂಗಿದರೆ ಕೆಳಗೆ ಎಷ್ಟು ಸಲ ಕೂಗಿತೆಂದು ಗೊತ್ತಾಗುತ್ತದೆ.

ಚರ್ಚುಗಳ ಸಮ್ಮೇಳನದ ವಿಷಯ ನೀನೇ ತಿಳಿಸಿದ್ದೆ. ಅಮಾಯಿಯನ್ನು, ಅವರ ಮಾತಿನಲ್ಲಿ ಅಮ್ಮ ಎಂದೇ ನಾವೆಲ್ಲ ಕರೆಯುತ್ತಿದ್ದವಳನ್ನು, ಅವಳ ಚರ್ಚಿನ ಸಭೆಯ ಹೆಂಗಸರು ಆರಿಸಿ ಕಳಿಸುತ್ತಿದ್ದಾರೆ, ಮಲಾವಿಯಿಂದ ಚೆನ್ನೈಗೆ ಬರುತ್ತಿದ್ದಾಳೆ, ಇಲ್ಲಿನ ಮೀನುಗಾರರ ಕೇರಿಗಳಲ್ಲಿ ಹತ್ತು ದಿನ ಸೇವೆ ಮಾಡುತ್ತಾಳೆ ಎಂದು ಎಷ್ಟು ಸಂಭ್ರಮದಿಂದ ಹೇಳಿದೆ. ಅವರಿಗೆಲ್ಲ ಇಳಿದುಕೊಳ್ಳಲು ಮಾಡಿದ್ದ ಗೆಸ್ಟ್‌ಹೌಸು ಪೆರುಂಗುಡಿಯಲ್ಲೇ, ನನ್ನ ಆಫೀಸಿನಿಂದ ಹತ್ತು ನಿಮಿಷದ ನಡಿಗೆ. ಹತ್ತು ದಿನ ಆ ಬೀದಿಯನ್ನು ತಪ್ಪಿಸಿ ಓಡಾಡಿದೆ. ಯಾಕೆಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಈಗ ಕೇಳಿಕೊಂಡರೆ ಮೊದಲು ಬರುವುದು ಎರಡು ಸಾವಿರದ ಎರಡನೇ ಇಸವಿಯ ಫೆಬ್ರವರಿ.

ನಾವು ಮಿಷನರಿಗಳಾಗಿ ಮಲಾವಿಗೆ ಹೋಗಿ ವರ್ಷ ತುಂಬಿರಲಿಲ್ಲ. ನಿನಗೆ ಎರಡು ವರ್ಷ. ಮೆಕ್ಕೆಜೋಳ ಇನ್ನೂ ಹಸಿರಾಗಿತ್ತು, ಹಳೆಯದು ಮುಗಿದಿತ್ತು. ಆ ತಿಂಗಳಿಗೆ ಅಲ್ಲಿ ಹಸಿವಿನ ತಿಂಗಳೆಂದೇ ಹೆಸರು. ಆ ವರ್ಷ ಅದು ಕ್ಷಾಮವೇ ಆಯಿತು. ಹೋದ ಮನೆಯಲ್ಲೆಲ್ಲ ಇಟ್ಟದ್ದನ್ನು ಉಣ್ಣಬೇಕು, ಬೇಡವೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ ಎಂದು ತರಬೇತಿಯಲ್ಲಿ ಕಲಿಸಿ ಕಳಿಸಿದ್ದರು. ಅಮಾಯಿ ತನ್ನ ಮನೆಯಲ್ಲಿ ಮಂಡಿಯೂರಿ ನಮ್ಮ ಕೈಗೆ ನೀರು ಹಾಕುವಳು. ಬಿಳೀ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಪಕ್ಕದಲ್ಲಿ ಒಣಮೀನು. ನಮ್ಮ ರಾಗಿ ಮುದ್ದೆಯದೇ ತಂಗಿ ಎಂದು ನಿನ್ನ ಅಮ್ಮ ಖುಷಿಪಟ್ಟು ಉಂಡಳು. ನಾನೂ ಉಂಡೆ. ವಾರದಲ್ಲಿ ಎರಡು ದಿನ, ಮೂರು ದಿನ ಉಂಡೆವು. ಮನೆಯ ಹಿಂದೆ ಅವಳ ಮಕ್ಕಳು ತೌಡಿನ ಗಂಜಿ ಕುಡಿಯುತ್ತಿದ್ದುದು ನನಗೆ ಕಂಡದ್ದು ಬಹಳ ತಡವಾಗಿ. ಅವಳ ಕೊನೆಯ ಕೂಸು ಮಾರ್ಚಿನಲ್ಲಿ ಹೋಯಿತು. ಹಸಿವಿನಿಂದ ಎಂದು ಯಾರೂ ಹೇಳಲಿಲ್ಲ, ಜ್ವರ ಎಂದರು. ಮಣ್ಣು ಮಾಡುವಾಗ ನಾನೇ ಪ್ರಾರ್ಥನೆ ಮಾಡಿದೆ. ಒಂದು ವಾರದ ಮೇಲೆ ಅವಳು ಬಂದು, ಬಟ್ಟೆ ಸುತ್ತಿ, ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡಳು. ನಿನ್ನ ನೆನಪಿನಲ್ಲಿರುವ ಆ ಬೆಚ್ಚನೆಯ ಬೆನ್ನು ಹಾಗೆ ಖಾಲಿಯಾದದ್ದು. ಇದನ್ನು ನಿನಗೆ ಹಿಂದೆ ಹೇಳಿದ್ದೆನೋ ಇಲ್ಲವೋ. ಇಲ್ಲ ಎಂದು ಕಾಣುತ್ತದೆ.

ಏಳು ವರ್ಷದ ಮೇಲೆ ನಿನ್ನ ಅಮ್ಮ ಮಲೇರಿಯಾದಲ್ಲಿ ಹೋದಾಗ, ಪರದೇಶದವರಿಗೆ ಊರಿನ ಸ್ಮಶಾನದಲ್ಲಿ ಜಾಗವಿಲ್ಲ ಎಂದು ಮುಖಂಡ ಹೇಳಿದ. ಅಮಾಯಿ ಅವನೆದುರು ನೆಲದ ಮೇಲೆ ಕೂತು, ತನ್ನ ಕೂಸಿನ ಪಕ್ಕ ತನಗೆಂದು ಇಟ್ಟುಕೊಂಡ ಜಾಗವನ್ನು ಕೊಡಿಸಿದಳು.

ಅಂಥವಳು ಫೆಬ್ರವರಿ ಎಂಟರಂದು, ಶನಿವಾರ, ಬೆಳಿಗ್ಗೆ ಹತ್ತೂವರೆಗೆ, ನೀನು ಕೊಟ್ಟಿದ್ದ ವಿಳಾಸ ಹಿಡಿದು, ನಮ್ಮ ಗೇಟಿನ ಮುಂದೆ ನಿಂತಿದ್ದಳು. ಅವತ್ತು ಏಕಾದಶಿ.

ಬೆಲ್ ಒತ್ತಿರಲಿಲ್ಲ. ಅವರ ಪದ್ಧತಿಯಂತೆ ಸ್ವಲ್ಪ ಬಗ್ಗಿ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದಳು. ಜಯಲಕ್ಷ್ಮೀ ಅಮ್ಮನವರ ಮಗ ಕಿಟ್ಟು, ಇನ್ಶೂರೆನ್ಸ್ ಆಫೀಸಿನವನು, ಕೆಳಗಿನಿಂದ ಕೂಗಿದ: "ಸಾರ್, ನಿಮ್ಮನ್ನ ತೇಡ್ಕೊಂಡು ಯಾರೋ ಬಂದಿದಾರೆ. ಆಫ್ರಿಕಾ ಲೇಡಿ ಸಾರ್! ಏನ್ ಸಾರ್, ಫುಟ್ಬಾಲ್ ಟೀಮ್ ಏನಾದ್ರೂ ಆರಂಭಿಸ್ತಿದೀರಾ?"

ಅವಳಿಗೆ ವಯಸ್ಸಾಗಿದೆ. ಮುಂದಿನ ಎರಡು ಹಲ್ಲಿಲ್ಲ. ಮಹಡಿ ಹತ್ತಿ ಬಂದು, ನಾನು ಬೇಡವೆನ್ನುವಷ್ಟರಲ್ಲಿ, ಮಂಡಿಯೂರಿ ಎರಡೂ ಕೈಯಿಂದ ನನ್ನ ಕೈ ಹಿಡಿದಳು. ನಿನ್ನ ಅಮ್ಮ ಕಲಿಸಿದ ಕನ್ನಡ, ನಮ್ಮ ಕೊಳ್ಳೇಗಾಲದ ಕನ್ನಡ, ಹಾಗೇ ಇದೆ.

"ಪಾದ್ರಿ, ಉಂಡ್ಯಾ? ಕೂಸು ಹೆಂಗದ?"

ನಾನು ಬಾಗಿಲು ಮುಚ್ಚಿದೆ. ಪಾದ್ರಿ ಎಂಬ ಮಾತು ಕೆಳಗೆ ಇಳಿಯಬಾರದು ಎಂದು.

ನೀನು ಚೆನ್ನಾಗಿದ್ದೀಯ, ಆಸ್ಪತ್ರೆಯಲ್ಲಿ ಜನರನ್ನು ಮತ್ತೆ ನಡೆಯುವಂತೆ ಮಾಡುವ ಕೆಲಸ ಎಂದೆ. ಕೈ ತಟ್ಟಿ ನಕ್ಕಳು. ಅವಳು ಇಲ್ಲಿ ಏನು ಮಾಡಿದಳೆಂದು ಕೇಳಿದೆ. "ಆವಾಗ ನೀವು ನಮ್ಮೂರ್ಗೆ ಬಂದ್ರಿ, ಈಗ ನಾವು ನಿಮ್ಮೂರ್ಗೆ. ನಿಮ್ಮೋರು ಚೆಂದಾಗಿ ಕೇಳ್ತರೆ, ಆಮೇಲೆ ಟೀ ಕೊಡ್ತರೆ, ಆಮೇಲೆ ಮರೀತರೆ. ನಮ್ಮೋರ್ ಥರಾನೆ" ಎಂದಳು. ನಾನೂ ನಕ್ಕೆ. ಅದೇ ನಮ್ಮ ಕೊನೆಯ ಸುಖವಾದ ಕ್ಷಣ.

ಆಮೇಲೆ ಅವಳು ಕೋಣೆಯನ್ನು ನೋಡಿದಳು. ತಣ್ಣಗಿದ್ದ ಸ್ಟೌವ್, ತೊಳೆದು ಬೋರಲು ಹಾಕಿದ ಪಾತ್ರೆ. "ನಿನ್ ಮನೇಲಿ ಉಣ್ಣುಮಾ ಅಂತ ಬೆಳಗಿಂದ ಏನೂ ಉಂಡಿಲ್ಲ ಕನ" ಎಂದಳು, ಹುಡುಗಿಯ ಹಾಗೆ.

ಮೌನಾ, ಕಟ್ಟೆಯ ಕೆಳಗೆ ಅಕ್ಕಿಯ ಡಬ್ಬ ತುಂಬಿತ್ತು. ಬೇಳೆ ಇತ್ತು. ಬೀದಿಯ ಕೊನೆಯಲ್ಲಿ ಹೋಟೆಲುಗಳಿದ್ದವು. ಅವಳನ್ನು ಕರೆದುಕೊಂಡು ಹೋಗಿ ಕೋಳಿ ಬಿರಿಯಾನಿ ಕೊಡಿಸಬಹುದಿತ್ತು ಎಂದು ಈಗ ಎಷ್ಟು ಸುಲಭವಾಗಿ ಬರೆಯುತ್ತಿದ್ದೇನೆ. ಆದರೆ ಗೇಟಿನಲ್ಲಿ ಕಿಟ್ಟು ನಿಂತಿದ್ದ, 'ಎಲ್ಲಿಗೆ ಸಾರ್' ಎಂದು ಕೇಳುತ್ತಿದ್ದ. ಏಕಾದಶಿಯ ದಿನ ಹೋಟೆಲಿಗೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಬಾಯಿಂದ ಬಂದದ್ದು ಇಷ್ಟು: "ಇವತ್ತು ನನಗೆ ಉಪವಾಸ, ಅಮಾಯಿ."

ಅವಳ ಮುಖ ಬೆಳಗಿತು. "ಇನ್ನೂ ಬುಟ್ಟಿಲ್ವಾ ನೀನು? ಒಳ್ಳೇದು ಪಾದ್ರಿ. ಹಂಗಾದ್ರೆ ನಂಗೂ ಉಪಾಸ" ಎಂದು ನೆಲದ ಮೇಲೆ ಕಾಲು ಚಾಚಿ ಕೂತಳು. ನನ್ನ ವಿಶ್ವಾಸ ಇನ್ನೂ ಉಳಿದಿದೆ ಎಂದು ಈ ಲೋಕದಲ್ಲಿ ಸಂತೋಷಪಟ್ಟ ಕೊನೆಯ ವ್ಯಕ್ತಿ ಅವಳೇ ಇರಬೇಕು.

ಚೀಲದಿಂದ ನಿನಗೆಂದು ತಂದದ್ದನ್ನು ತೆಗೆದಳು. ಅವರ ಸಮುದ್ರದಂಥ ಕೆರೆಯ ಆ ಸಣ್ಣ ಒಣಮೀನು. ನೀನು ಚಿಕ್ಕವಳಿದ್ದಾಗ ಲಂಗದ ಮಡಿಲಲ್ಲಿ ಹಾಕಿಕೊಂಡು ಕಡಲೆಕಾಯಿಯ ಹಾಗೆ ತಿನ್ನುತ್ತಿದ್ದೆಯಲ್ಲ, ಅದೇ. ಎರಡು ಕಿಲೋ ಇರಬಹುದು. ಕಟ್ಟು ಬಿಚ್ಚಿದ್ದೇ ಕೋಣೆ ತುಂಬ ವಾಸನೆ. ನಾನು ಎದ್ದು ಕಿಟಕಿ ಮುಚ್ಚಿದೆ. ಆ ಕಟ್ಟನ್ನು ಕಸಿದುಕೊಂಡೆ ಎಂದೇ ಹೇಳಬೇಕು. ಪ್ಲಾಸ್ಟಿಕ್ ಕವರಿನೊಳಗೆ ಕವರು, ಅದರೊಳಗೆ ಇನ್ನೊಂದು, ಮೂರು ಗಂಟು ಹಾಕಿ ಬಚ್ಚಲಲ್ಲಿಟ್ಟು ಬಂದೆ. ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಕೆಳಗಿನಿಂದ ಜಯಲಕ್ಷ್ಮೀ ಅಮ್ಮ ಕರೆದರು. "ಪದ್ಮನಾಭ, ಯಾರಪ್ಪಾ ಬಂದಿರೋದು? ಅತಿಥೀನ ಮೇಲೇ ಕೂಡಿಸ್ಕೊಂಡಿದೀಯಲ್ಲ, ಕೆಳಗೆ ಕರ್ಕೊಂಡು ಬಾ."

ಇಳಿದೆವು. ಮುಂದಿನ ವರಾಂಡದಲ್ಲಿ ಕುರ್ಚಿ ಹಾಕಿಸಿದ್ದರು. ಬೆಳ್ಳಿಯ ಲೋಟದಲ್ಲಿ ಏಲಕ್ಕಿ ಹಾಕಿದ ಹಾಲು, ತಟ್ಟೆಯಲ್ಲಿ ನಾಲ್ಕು ಬಾಳೆಹಣ್ಣು. ಅಮಾಯಿಗೆ ಅರ್ಥವಾಗುವುದಿಲ್ಲವೆಂದು ತಿಳಿದು ಕೈಸನ್ನೆ ಮಾಡುತ್ತ ನನಗೆ ಹೇಳಿದರು: "ಇವತ್ತು ಅನ್ನ ಇಲ್ಲ ಅಂತ ಹೇಳು. ನಾಳೆ ಬಂದಿದ್ರೆ ವಡೆ ಪಾಯಸ ಎಲ್ಲ ಹಾಕ್ತಿದ್ದೆ. ಕೊಂಜಂ ಹಾಲು ಕುಡೀಲಿ, ಪಾವಂ, ಎಷ್ಟು ದೂರದಿಂದ ಬಂದಿದಾಳೋ. ಯಾರಿವಳು?"

"ಆಫೀಸಿನ ಕಡೆಯಿಂದ ಪರಿಚಯ. ಒಂದು ಸಮ್ಮೇಳನಕ್ಕೆ ಬಂದವರು" ಎಂದೆ.

ಅಮಾಯಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿದಳು. ಅವಳು ಏನು ಮಾಡಲಿದ್ದಾಳೆಂದು ನನಗೆ ಗೊತ್ತಿತ್ತು. ತಡೆಯಲು ಆಗಲಿಲ್ಲ.

"ಯೇಸಪ್ಪಾ, ಈ ಹಾಲ್ಗೆ ಸ್ತೋತ್ರ. ಕೊಟ್ಟ ಅವ್ವನ್ಗೆ ಒಳ್ಳೇದ್ ಮಾಡು. ಈ ಮನೇಲಿರೋ ನಮ್ಮ..."

ನಾನು ಕೆಮ್ಮಿದೆ. ಜೋರಾಗಿ, ಎರಡು ಸಲ. ಅವಳು ನಿಲ್ಲಿಸಿ, ತುಟಿಯಲ್ಲೇ ಉಳಿದದ್ದನ್ನು ಮುಗಿಸಿ ಕಣ್ಣು ತೆರೆದಳು.

ಜಯಲಕ್ಷ್ಮೀ ಅಮ್ಮ ಬಾಯಿ ಬಿಟ್ಟು ನೋಡುತ್ತಿದ್ದರು. "ಅಯ್ಯೋ ರಾಮಾ, ಕನ್ನಡ ಮಾತಾಡ್ತಾಳಲ್ಲೋ ಇವಳು! ಕಿಟ್ಟು, ಇಲ್ಲಿ ಬಾರೋ, ನಿನ್ನ ಮಗಳಿಗೆ ಬರದ ಕನ್ನಡ ಇವಳಿಗೆ ಬರತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಅದೂ ನಿಮ್ಮ ಕೊಳ್ಳೇಗಾಲದ ಹಳ್ಳಿ ಕನ್ನಡ ಇದ್ದ ಹಾಗಿದೆ. ಯಾರು ಕಲಿಸಿದ್ದು?"

ಇಲ್ಲಿ ನಿಂತು ಮುಂದಿನದನ್ನು ಬರೆಯದೆ ಬಿಡಬಹುದು. ಐದು ವಾರ ಬಿಟ್ಟಿದ್ದೆ.

"ಅವರ ಊರಿಗೆ ಯಾರೋ ಮಿಷನರಿಗಳು ಹೋಗಿದ್ದರಂತೆ ಅಮ್ಮ, ನಮ್ಮ ಕಡೆಯ ಕ್ರಿಶ್ಚಿಯನ್ನರು. ಗಂಡ ಹೆಂಡತಿ. ಅವರಿಂದ ಕಲಿತಿರಬೇಕು. ನನಗೆ ಅಷ್ಟಾಗಿ ಗೊತ್ತಿಲ್ಲ."

ಬೇಗ ಬೇಗ ಹೇಳಿದೆ, ಪುಸ್ತಕದ ಕನ್ನಡದಲ್ಲಿ ಹೇಳಿದೆ. ಅವಳಿಗೆ ತಿಳಿಯದಿರಲಿ ಎಂದು. ಎಂಟು ವರ್ಷ ಪ್ರತಿ ಭಾನುವಾರ ಆರಾಧನೆಯ ನಂತರ ನಾನು ನಿನ್ನ ಅಮ್ಮನಿಗೆ ಕನ್ನಡದ ಬೈಬಲ್ ಓದುವಾಗ ಅವಳು ಗೋಡೆಗೊರಗಿ ಕೂತು ಕೇಳುತ್ತಿದ್ದಳು. ನನ್ನ ಪುಸ್ತಕದ ಕನ್ನಡವನ್ನು ಅವಳಷ್ಟು ಕೇಳಿದವರು ಇನ್ನೊಬ್ಬರಿಲ್ಲ. ಆ ಹೊತ್ತಿನಲ್ಲಿ ನಾನು ಅದನ್ನೇ ಮರೆತೆ.

"ಓಹೋ, ಮತಕ್ಕೆ ಸೇರಿಸೋಕೆ ಹೋದವರಾ" ಎಂದರು ಜಯಲಕ್ಷ್ಮೀ ಅಮ್ಮ. ಧ್ವನಿಯಲ್ಲಿ ಕಹಿಯೇನೂ ಇರಲಿಲ್ಲ, ಕುತೂಹಲವಿತ್ತು. ಈಗ ನೇರವಾಗಿ ಅವಳನ್ನೇ ಕೇಳಿದರು, "ಏನಮ್ಮಾ, ಆ ಗಂಡ ಹೆಂಡತಿ ಈಗ ಎಲ್ಲಿದಾರೆ?"

ಅಮಾಯಿ ನನ್ನ ಕಡೆ ನೋಡಲಿಲ್ಲ. ಹಾಲಿನ ಲೋಟವನ್ನು ತಟ್ಟೆಯ ಪಕ್ಕ ಇಟ್ಟು, ಸೆರಗಿನಂಥ ಬಟ್ಟೆಯಿಂದ ತುಟಿ ಒರೆಸಿಕೊಂಡಳು.

"ಸತ್ತೋದ್ರು ಕನವ್ವ. ಇಬ್ರೂವೆ."

"ಅಯ್ಯೋ ಪಾವಂ! ಪರದೇಶದಲ್ಲಿ, ತಮ್ಮೋರು ಅಂತ ಯಾರೂ ಇಲ್ಲದೆ..."

"ನಾವಿದ್ದೋ" ಎಂದಳು ಅಮಾಯಿ.

ಬಾಳೆಹಣ್ಣು ಮುಟ್ಟಲಿಲ್ಲ. ಉಪವಾಸ ಎಂದಳು. ಜಯಲಕ್ಷ್ಮೀ ಅಮ್ಮನವರಿಗೆ ಅದು ಎಷ್ಟು ಹಿಡಿಸಿತೆಂದರೆ, "ನೋಡೋ ಕಿಟ್ಟು, ಏಕಾದಶಿ ಅಂತ ಅವಳಿಗೂ ಗೊತ್ತಿದೆ" ಎಂದು ಮಗನನ್ನು ಚುಚ್ಚಿ, ಹಣ್ಣನ್ನು ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು.

"ನಿಮ್ಮವರು ಗೆಸ್ಟ್‌ಹೌಸಿನಲ್ಲಿ ಕಾಯುತ್ತಿರಬಹುದು" ಎಂದೆ, ಇಂಗ್ಲಿಷಿನಲ್ಲಿ.

"ಹೂಂ, ಕಾಯ್ತಾವ್ರೆ" ಎಂದಳು, ಕನ್ನಡದಲ್ಲಿ.

ನಾನೇ ಆಟೋ ತಂದೆ. ಚಾಲಕನಿಗೆ ಪೆರುಂಗುಡಿಯ ಗುರುತು ಹೇಳಿದೆ. ಅವಳು ಹತ್ತಿ ಕೂತು ಹೊರಗೆ ಬಗ್ಗಿ, "ಕೂಸ್ಗೆ ಮೀನ್ ಕೊಡು, ಮರೀಬ್ಯಾಡ" ಎಂದಳು. ಅಷ್ಟೇ. ಬೈದಿದ್ದರೆ ಈ ಕಾಗದ ಇಷ್ಟು ಉದ್ದವಾಗುತ್ತಿರಲಿಲ್ಲ.

ಮೀನು ನಿನಗೆ ತಲುಪುವುದಿಲ್ಲ. ಸೋಮವಾರ ಆಫೀಸಿನ ಚೀಲದಲ್ಲಿ ಕೊಂಡುಹೋಗಿ ಬಸ್ ನಿಲ್ದಾಣದ ಹಿಂದೆ ಕಸದ ತೊಟ್ಟಿಗೆ ಹಾಕಿದೆ. ನಾಯಿಗಳು ಗಂಟು ಬಿಚ್ಚುವವರೆಗೂ ನಿಂತಿದ್ದೆ.

ಅಮಾಯಿ ಬಂದು ಹೋದ ಮರುದಿನ, ಭಾನುವಾರ, ದ್ವಾದಶಿಯ ಬೆಳಿಗ್ಗೆ ಆರೂವರೆಗೆ, ಎಂದಿನಂತೆ ಮಣೆ ಹಾಕಿದರು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ವಡೆ, ಪಾಯಸ. ಬಡಿಸುತ್ತ ಜಯಲಕ್ಷ್ಮೀ ಅಮ್ಮ ಹೇಳಿದರು, "ರಾತ್ರಿಯೆಲ್ಲ ಆ ಹೆಂಗಸಿನ ಯೋಚನೇನೇ ನನಗೆ. ಹಸ್ಕೊಂಡು ಹೋದಳಲ್ಲೋ. ಒಂದು ಫೋನ್ ಹಾಕು, ಬರಲಿ, ಇಲ್ಲೇ ನನ್ನ ಪಕ್ಕ ಕೂತು ಊಟ ಮಾಡ್ಲಿ. ಯಾವ ಜಾತಿ ಆದ್ರೇನು, ಹಸಿವಿಗೆ ಜಾತಿ ಉಂಟಾ?"

"ನಿನ್ನೆಯೇ ಊರಿಗೆ ಹೊರಟುಹೋದರು" ಎಂದೆ. ಮತ್ತು ಪಾಯಸ ಹಾಕಿಸಿಕೊಂಡೆ. ಎರಡು ಸಲ.

ಆ ಮಾತನ್ನು ಕೇಳಿದ ಮೇಲೆ ನಾನು ಎಲ್ಲವನ್ನೂ ಹೇಳಿಬಿಡಬಹುದಿತ್ತು ಎಂದು ನಿನಗೆ ಅನ್ನಿಸುತ್ತದೆ. ನನಗೂ ಅನ್ನಿಸಿತು. ಆದರೆ ಆಗ ಒಂದು ವಿಷಯ ತಿಳಿಯಿತು. ಮುಚ್ಚಿಡುವುದಕ್ಕೆ ಇನ್ನು ಏನೂ ಉಳಿದಿಲ್ಲ. ಹಿಂದಿನ ದಿನ ವರಾಂಡದಲ್ಲಿ 'ಯಾರೋ ಮಿಷನರಿಗಳು' ಎಂದಾಗ ನನ್ನೊಳಗೆ ಒಂದು ಸಣ್ಣ ಬಿಡುಗಡೆ ಆಗಿತ್ತು, ಬಹಳ ದಿನದಿಂದ ಬೇರೆಯವರ ಅಂಗಿ ಹಾಕಿಕೊಂಡು ತಿರುಗಿ ಕೊನೆಗೆ ಕಳಚಿದ ಹಾಗೆ. ನಿನ್ನ ಅಮ್ಮ ಹೋದ ಮೇಲೆ ಮೂರು ವರ್ಷ ಅಲ್ಲೇ ನಿಂತು ಪ್ರಾರ್ಥನೆ ಮಾಡಿಸಿದವನು ಯಾರು ಎಂದು ನನಗೆ ನಿಜಕ್ಕೂ ತಿಳಿಯದು. ನಾನು ಸುಳ್ಳು ಹೇಳಿದೆ ಎಂದುಕೊಳ್ಳಲಾದರೂ ಆಗಿದ್ದರೆ ಅದರಲ್ಲೂ ಒಂದು ಸಮಾಧಾನವಿರುತ್ತಿತ್ತು. 'ಸತ್ತೋದ್ರು' ಎಂದು ಅಮಾಯಿ ನನ್ನ ಸುಳ್ಳನ್ನು ಸರಿಪಡಿಸಿ ನಿಜ ಮಾಡಿ ಹೋದಳು.

ಬೇಸಿಗೆ ರಜೆಯಲ್ಲಿ ಬರುತ್ತೇನೆ ಎಂದು ನೀನು ಹೇಳಿದ್ದೆ. ಬಾ, ಇಲ್ಲಿಗೇ ಬಾ ಎಂದು ಬರೆಯಬೇಕೆಂದು ಕೂತೆ. ಕೈ ಓಡುತ್ತಿಲ್ಲ. ನೀನೇ ಯೋಚಿಸು. ಮಂಡಿನೋವಿಗೆ ನೀನು ಹೇಳಿದ ವ್ಯಾಯಾಮ ಮಾಡುತ್ತಿದ್ದೇನೆ. ಗೋಡೆ ಹಿಡಿದು ಕೂರುವುದು ಏಳುವುದು ಈಗ ಸ್ವಲ್ಪ ಸುಲಭ. ಹೊತ್ತಿಗೆ ಸರಿಯಾಗಿ ಊಟ ಮಾಡು. ಆಶೀರ್ವಾದ ಎಂದು ಬರೆಯುವಷ್ಟು ನನ್ನಲ್ಲಿ ಏನೂ ಇಲ್ಲ. ನಿನ್ನ ಅಮ್ಮನ ಪಾಲಿನದು ಇನ್ನೂ ಖರ್ಚಾಗದೆ ಇರಬೇಕು, ಅದು ನಿನ್ನ ಮೇಲಿರಲಿ.

ನಿನ್ನ ಅಪ್ಪ,
ಪದ್ಮನಾಭ

ಮರೆತಿದ್ದೆ ಎಂದು ಇದನ್ನು ಕೊನೆಗೆ ಸೇರಿಸುತ್ತಿಲ್ಲ. ಮೇಲೆ ಬರೆಯಲು ಆಗಲಿಲ್ಲ.

ಮೊನ್ನೆ ಗುರುವಾರ ಅಮಾಯಿಯ ಊರಿನ ಸಭೆಯ ಕಾರ್ಯದರ್ಶಿಯಿಂದ ಕಾಗದ ಬಂತು. ಸೀಲು ಹಾಕಿ, ಫೋಟೋ ತೆಗೆದು ಫೋನಿಗೆ ಕಳಿಸಿದ್ದಾನೆ. ಅಮಾಯಿ ಊರಿಗೆ ಮರಳಿದ ಮೇಲೆ ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದಳಂತೆ. ನಮ್ಮ ಪಾದ್ರಿ ಚೆನ್ನಾಗಿದ್ದಾನೆ, ಇನ್ನೂ ಉಪವಾಸ ಪ್ರಾರ್ಥನೆ ಬಿಟ್ಟಿಲ್ಲ, ಅವನ ಮನೆಯಲ್ಲಿ ಮೂರು ರಾತ್ರಿ ಮಲಗಿದೆ, ಅವನೇ ಮಂಡಿಯೂರಿ ನನ್ನ ಕೈಗೆ ನೀರು ಹಾಕಿದ, ಕೋಳಿ ಕೊಯ್ದು ಉಣ್ಣಿಸಿದ ಎಂದು. ಸಭೆಯವರೆಲ್ಲ ಎದ್ದು ಹಾಡಿದರಂತೆ. ಆ ಮೂರು ರಾತ್ರಿಗಾಗಿ ಊರಿನ ಪರವಾಗಿ ಕೃತಜ್ಞತೆ ಎಂದು ಬರೆದಿದ್ದಾನೆ.

ನಾನು ಗೆಸ್ಟ್‌ಹೌಸಿಗೆ ಹೋಗಿ ಕೇಳಿದೆ. ಸಮ್ಮೇಳನ ಮುಗಿದ ಮೇಲೆ ಆ ಬೀದಿಗೆ ಅದೇ ಮೊದಲ ಸಲ ಕಾಲಿಟ್ಟದ್ದು. ಅಲ್ಲಿನವನು ಪುಸ್ತಕ ತೆಗೆದು ನೋಡಿದ. ಸಮ್ಮೇಳನ ಶುಕ್ರವಾರ ಮುಗಿದು ಎಲ್ಲರೂ ಹೊರಟಿದ್ದರು. ಆ ವಯಸ್ಸಾದ ಹೆಂಗಸು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ರೂಮು ಖಾಲಿ ಮಾಡಿದರು, ವಿಮಾನ ಮಂಗಳವಾರಕ್ಕೆ, ಅಲ್ಲಿಯವರೆಗೆ ನಮ್ಮ ಮಗನ ಮನೆಯಲ್ಲಿ ಇರುತ್ತೇನೆ ಎಂದರು ಎಂದ. ತಿರುಗಿ ಬಂದಿರಲಿಲ್ಲ. ರೂಮು ಬೇರೆಯವರಿಗೆ ಕೊಟ್ಟಾಗಿತ್ತು.

ಅವಳು ಮುಂಚೆ ತಿಳಿಸಲಿಲ್ಲ ಎನ್ನುವಂತಿಲ್ಲ. ಬರುತ್ತೇನೆಂದು ಹೇಳಿ ಬರುವುದು ಅವರಲ್ಲಿ ಊಟ ಕೇಳಿದ ಹಾಗೆ. ಸುಮ್ಮನೆ ಬಂದು ನಿಲ್ಲಬೇಕು, ಮನೆಯವರು ಇರು ಎನ್ನಬೇಕು. ಇದು ನನಗೆ ಗೊತ್ತಿತ್ತು. ಅವಳು ಅವತ್ತು ಎರಡು ಚೀಲ ತಂದಿದ್ದಳು, ಮೌನಾ. ಎರಡನೆಯದರ ಬಗ್ಗೆ ನಾನು ಬರೆಯಲಿಲ್ಲ. ಅದರ ಬಾಯಿಂದ ಸುರುಳಿ ಸುತ್ತಿದ ಚಾಪೆ ಹೊರಗೆ ಕಾಣುತ್ತಿತ್ತು. ಅದನ್ನು ಎತ್ತಿ ಆಟೋದಲ್ಲಿ ಇಟ್ಟವನು ನಾನು.

ನಾಲ್ಕು ದಿನದಿಂದ ಸಂಜೆ ಸಂಜೆ ಹೊರಟು, ಆಗ ಅವಳನ್ನು ಕಂಡವರಿದ್ದಾರೆಯೇ ಎಂದು ಕೇಳುತ್ತಿದ್ದೇನೆ. ಸೆಂಟ್ರಲ್ ಸ್ಟೇಷನ್ನಿನ ಕಾಯುವ ಕೋಣೆ, ವಿಮಾನ ನಿಲ್ದಾಣದ ಹೊರಗಿನ ಬೆಂಚುಗಳು, ಎರಡು ಚರ್ಚುಗಳ ಅಂಗಳ, ಪ್ಯಾರೀಸ್ ಕಾರ್ನರಿನಲ್ಲಿ ಮುಚ್ಚಿದ ಅಂಗಡಿಗಳ ಕಟ್ಟೆ. ಯಾರಿಗೂ ನೆನಪಿಲ್ಲ. ಅವಳ ಊರಿಗೇ ಫೋನ್ ಮಾಡಿ ಕೇಳಬಹುದು. ಅವಳ ಹತ್ತಿರ ಫೋನಿಲ್ಲ, ಕಾರ್ಯದರ್ಶಿಯನ್ನು ಕೇಳಬೇಕು. ಕೇಳಿದರೆ ಇಡೀ ಸಭೆಯ ಮುಂದೆ ಅವಳು ಹೇಳಿದ್ದು ಸುಳ್ಳಾಗುತ್ತದೆ. ನೀನೂ ಕೇಳಬೇಡ. ಕೃತಜ್ಞತೆಯ ಕಾಗದಕ್ಕೆ ಉತ್ತರ ಬರೆಯಬೇಕು, 'ನಮ್ಮ ಭಾಗ್ಯ' ಎಂದು ಬರೆಯಬೇಕು. ಅದನ್ನೂ ಬರೆಯುತ್ತೇನೆ, ನೋಡು.

ಅಮಾಯಿ, ಆ ಮೂರು ರಾತ್ರಿ ನಮ್ಮೂರಿನಲ್ಲಿ ಎಲ್ಲಿ ಮಲಗಿದ್ದೆಯೇ?